ಮುಂದಿನ ಮೂವತ್ತು ವರ್ಷಗಳ ನೀರು: ಕರಾವಳಿಯ ಲೆಕ್ಕ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾನು ಮಂಗಳೂರಿನ ಒಂದು ವಸತಿ ಸಮುಚ್ಚಯದ ನಿವಾಸಿಗಳ ಸಂಘದ ಕಾರ್ಯದರ್ಶಿ. ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ನೀರಿಗೆ ಹಣ ಕೊಡುತ್ತೇವೆ. ನಮ್ಮ ರಸ್ತೆಯಲ್ಲೇ ಇನ್ನೂ ಹಲವು ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ನೀರಿನ ಕೊರತೆ ಏಕೆ? ಇಪ್ಪತ್ತು–ಮೂವತ್ತು ವರ್ಷಗಳ ನಂತರ ಎಷ್ಟು ನೀರು ಬೇಕಾಗುತ್ತದೆ, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಯೋಜಕರು ಹೇಗೆ ಲೆಕ್ಕ ಹಾಕುತ್ತಾರೆ? ನಮ್ಮಂಥವರು ಏನನ್ನು ಕೇಳಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲೇ ಉಳಿದೆರಡು ಪ್ರಶ್ನೆಗಳ ಉತ್ತರವೂ ಅಡಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಮಂಗಳೂರಿಗೆ ನೇತ್ರಾವತಿ ನದಿಯ ತುಂಬೆ ಅಣೆಕಟ್ಟಿನಿಂದ ಸುಮಾರು 160 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್), ಅಂದರೆ ದಿನಕ್ಕೆ 16 ಕೋಟಿ ಲೀಟರ್ ನೀರು ಎತ್ತಲಾಗುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಅದು 5,840 ಕೋಟಿ ಲೀಟರ್, ಸುಮಾರು 2 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆಟಿ ತಿಂಗಳ (ಜುಲೈ–ಆಗಸ್ಟ್) ಒಂದು ಜೋರು ಮಳೆಯ ವಾರದಲ್ಲಿ ನೇತ್ರಾವತಿ ಅದಕ್ಕಿಂತ ಹೆಚ್ಚು ನೀರನ್ನು ಸಮುದ್ರಕ್ಕೆ ಸೇರಿಸುತ್ತಾಳೆ. ಆದ್ದರಿಂದ ವರ್ಷದ ಮಳೆಯನ್ನು ಜನಸಂಖ್ಯೆಯಿಂದ ಭಾಗಿಸಿ ತಲೆಗೆ ಇಷ್ಟು ಸಾವಿರ ಲೀಟರ್ ಇದೆ ಎಂದು ತೋರಿಸುವ ಯಾವ ವರದಿಯೂ ನಮ್ಮ ಊರಿನ ಪರಿಸ್ಥಿತಿಯನ್ನು ಹೇಳುವುದಿಲ್ಲ. ನಮಗೆ ಕೊರತೆಯಾಗುವುದು ವರ್ಷದ ಒಂದು ನಿರ್ದಿಷ್ಟ ಅವಧಿಯಲ್ಲಿ ಮಾತ್ರ, ಮತ್ತು ಯೋಜನೆಯ ಲೆಕ್ಕ ಶುರುವಾಗಬೇಕಾದದ್ದು ಅದೇ ಅವಧಿಯಿಂದ.

ಆ ಅವಧಿ ಎಷ್ಟು ದಿನಗಳದ್ದು ಎಂಬುದನ್ನು ನೋಡೋಣ. 2016, 2019 ಮತ್ತು 2023, ಈ ಮೂರು ವರ್ಷಗಳ ಬೇಸಗೆಯನ್ನು ಮಂಗಳೂರಿನ ಜನ ಮರೆತಿರಲಾರರು. ತುಂಬೆಯಲ್ಲಿ ನೀರು ತಳ ಮುಟ್ಟುತ್ತಾ ಬಂದು, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಈ ಮೂರೂ ವರ್ಷಗಳಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದು ಜೂನ್ 8ರಂದು. ವಾಡಿಕೆಯ ದಿನ ಜೂನ್ 1. ಇದಕ್ಕೆ ಪ್ರತಿಯಾಗಿ 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂತು. ಹದಿನೈದು ದಿನಗಳ ಈ ವ್ಯತ್ಯಾಸದ ಮೇಲೆ ಒಂದು ದೊಡ್ಡ ನಗರದ ಬೇಸಗೆ ನಿಂತಿದೆ. ಪತ್ತನಾಜೆ (ಮೇ ಕೊನೆಯ ಭಾಗದಲ್ಲಿ ಬರುವ ತುಳುವರ ಆಚರಣೆಯ ದಿನ) ಕಳೆದರೂ ಮೋಡ ಕಟ್ಟದ ವರ್ಷಗಳಲ್ಲಿ ಜಿಲ್ಲಾಡಳಿತ ತುರ್ತುಸಭೆ ಕರೆಯುತ್ತದೆ. ಮೊದಲ ಮಳೆ ಬಿದ್ದ ಮರುವಾರ ಆ ಸಭೆಯ ಕಡತ ಮುಚ್ಚಿಹೋಗುತ್ತದೆ. ಮಾರ್ಚ್ 1ರಿಂದ ಜೂನ್ 8ರವರೆಗೆ ಎಣಿಸಿದರೆ ಸರಿಯಾಗಿ ನೂರು ದಿನಗಳು. ಕರಾವಳಿಯ ನೀರಿನ ಯೋಜನೆ ಉತ್ತರಿಸಬೇಕಾದ ಮೂಲಪ್ರಶ್ನೆ ಇದು: ಮಾರ್ಚ್ ಮೊದಲ ದಿನ ನದಿ, ಕಟ್ಟ, ಬಾವಿಗಳಲ್ಲಿ ನಿಂತಿರುವ ನೀರು, ಆ ಮೇಲೆ ಸಣ್ಣಗೆ ಹರಿದು ಬರುವ ಒಳಹರಿವು, ಇವೆರಡರಿಂದ ನೂರು ದಿನ ಸಾಗಬಲ್ಲೆವೇ? 160 ಎಂಎಲ್‌ಡಿ ದರದಲ್ಲಿ ನೂರು ದಿನಕ್ಕೆ 1,600 ಕೋಟಿ ಲೀಟರ್ ಬೇಕು, ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ಮುಂಗಾರು ಇನ್ನೂ ಹತ್ತು ದಿನ ತಡವಾದರೆ ಮತ್ತೆ 160 ಕೋಟಿ ಲೀಟರ್ ಬೇಕು.

ಇನ್ನು ಬೇಡಿಕೆ. ಯೋಜಕರು ಸಾಮಾನ್ಯವಾಗಿ ಹಳೆಯ ಜನಗಣತಿಗಳ ಅಂಕಿಗಳನ್ನು ಮುಂದಕ್ಕೆ ಎಳೆದು, ತಲಾ ಬಳಕೆಯಿಂದ ಗುಣಿಸಿ, ಸೋರಿಕೆಯ ಪಾಲು ಸೇರಿಸಿ ಒಂದು ಸಂಖ್ಯೆಗೆ ಬರುತ್ತಾರೆ. ಈ ಕ್ರಮದ ಪ್ರತಿಯೊಂದು ಮೆಟ್ಟಿಲಲ್ಲೂ ನಮ್ಮ ಪ್ರದೇಶಕ್ಕೆ ಸಂಬಂಧಿಸಿದ ಒಂದೊಂದು ತೊಡಕಿದೆ. 2001ರಿಂದ 2011ರ ನಡುವೆ ದಕ್ಷಿಣ ಕನ್ನಡದ ಜನಸಂಖ್ಯೆ ಶೇಕಡಾ 10ರಷ್ಟು ಬೆಳೆದು ಸುಮಾರು 20.9 ಲಕ್ಷವಾಯಿತು; ಉಡುಪಿ ಜಿಲ್ಲೆ ಶೇಕಡಾ 6ಕ್ಕಿಂತ ಕಡಿಮೆ ಬೆಳೆದು ಸುಮಾರು 11.8 ಲಕ್ಷಕ್ಕೆ ತಲುಪಿತು. ಇವು ರಾಜ್ಯದ ಸರಾಸರಿಗಿಂತ ಬಹಳ ನಿಧಾನದ ಬೆಳವಣಿಗೆಗಳು. ಇದನ್ನಷ್ಟೇ ನೋಡಿದವರಿಗೆ ಅವಸರವೇನೂ ಕಾಣುವುದಿಲ್ಲ. ಆದರೆ ಜಿಲ್ಲೆಯೊಳಗೆ ಜನ ಇರುವ ಜಾಗ ಬದಲಾಗಿದೆ. ಸ್ವಂತ ಬಾವಿಯಿದ್ದ ತೋಟದ ಮನೆಯಿಂದ ಒಂದು ಕುಟುಂಬ ನಗರದ ಅಪಾರ್ಟ್‌ಮೆಂಟಿಗೆ ಬಂದಾಗ ಜಿಲ್ಲೆಯ ಜನಸಂಖ್ಯೆಯಲ್ಲಿ ಒಬ್ಬರೂ ಹೆಚ್ಚಾಗುವುದಿಲ್ಲ. ನಗರದ ನಳದ ಮೇಲೆ ಮಾತ್ರ ಐದು ಜನರ ಭಾರ ಬೀಳುತ್ತದೆ. 2021ರ ಜನಗಣತಿ ನಡೆಯದ ಕಾರಣ ಈ ಸ್ಥಳಾಂತರದ ಪ್ರಮಾಣಕ್ಕೆ ಜನಗಣತಿಯ ಅಂಕಿ ನಮ್ಮ ಕೈಯಲ್ಲಿಲ್ಲ. ಹೀಗಿರುವಾಗ ಕಟ್ಟಡ ಪರವಾನಿಗೆಗಳು, ಮೆಸ್ಕಾಂನ ಹೊಸ ವಿದ್ಯುತ್ ಸಂಪರ್ಕಗಳು, ಆಸ್ತಿ ತೆರಿಗೆಯ ಖಾತೆಗಳು, ಇವುಗಳನ್ನು ವಾರ್ಡ್‌ವಾರು ಜೋಡಿಸಿ ನೋಡುವುದು 2011ರ ಅಂಕಿಯನ್ನು ಎಳೆಯುವುದಕ್ಕಿಂತ ಎಷ್ಟೋ ಮೇಲು. ನಿಮ್ಮ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡಗಳು ಎಷ್ಟು ಮನೆಗಳವು ಎಂಬುದು ಪರವಾನಿಗೆ ಕೊಟ್ಟ ದಿನವೇ ಪಾಲಿಕೆಗೆ ಗೊತ್ತಿರುತ್ತದೆ. ಮೂರು ನಾಲ್ಕು ವರ್ಷಗಳ ನಂತರದ ಬೇಡಿಕೆಯ ಬಗ್ಗೆ ಇಷ್ಟು ಖಚಿತ ಮುನ್ಸೂಚನೆ ಬೇರೆ ಎಲ್ಲೂ ಸಿಗದು.

ತಲಾ ಬಳಕೆಗೆ ಕೇಂದ್ರ ಸರ್ಕಾರದ ಕೈಪಿಡಿ ಒಳಚರಂಡಿ ಇರುವ ನಗರಗಳಲ್ಲಿ ದಿನಕ್ಕೆ 135 ಲೀಟರ್ ಎಂದು ಹೇಳುತ್ತದೆ, ಜಲಜೀವನ್ ಮಿಷನ್ ಗ್ರಾಮಗಳಿಗೆ 55 ಲೀಟರ್ ಇಟ್ಟುಕೊಂಡಿದೆ. ನಗರದ ಅಂಚಿನ ಪಂಚಾಯತ್‌ಗಳು ಇಂದು 55ರ ಲೆಕ್ಕದಲ್ಲಿವೆ, ಹತ್ತು ವರ್ಷಗಳಲ್ಲಿ 135ರ ಲೆಕ್ಕಕ್ಕೆ ಬರುತ್ತವೆ. ಅಂದರೆ ಜನ ಹೆಚ್ಚದಿದ್ದರೂ ಬೇಡಿಕೆ ಎರಡೂವರೆ ಪಟ್ಟಿನ ಹತ್ತಿರ ಏರುತ್ತದೆ. ಇದಲ್ಲದೆ ನಮ್ಮಲ್ಲಿ ಬಂದು ಹೋಗುವವರ ಸಂಖ್ಯೆ ದೊಡ್ಡದು. ನೂರಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್, ಹೋಟೆಲಿನ ಹಾಸಿಗೆಗೆ 180 ಲೀಟರ್, ವಿದ್ಯಾರ್ಥಿನಿಲಯದಲ್ಲಿ ತಲೆಗೆ 135 ಲೀಟರ್ ಎಂಬುದು ಕೈಪಿಡಿಯ ಲೆಕ್ಕ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ವೈದ್ಯಕೀಯ ಕಾಲೇಜುಗಳೂ ಅವುಗಳ ಆಸ್ಪತ್ರೆಗಳೂ ಎಷ್ಟಿವೆ ಎಂಬುದನ್ನು ನೆನೆದರೆ, ಮನೆಗಳನ್ನು ಮಾತ್ರ ಎಣಿಸಿದ ಯೋಜನೆ ಎಷ್ಟು ಕಡಿಮೆ ಬೀಳುತ್ತದೆಂಬುದು ತಿಳಿಯುತ್ತದೆ. ಉಡುಪಿಗೆ ಎರಡು ವರ್ಷಕ್ಕೊಮ್ಮೆ ಪರ್ಯಾಯದ ಜನಸಾಗರವೂ ಇದೆ, ಆದರೆ ಅದು ಜನವರಿಯಲ್ಲಿ, ನದಿಯಲ್ಲಿ ನೀರಿರುವಾಗ ಬರುವುದರಿಂದ ಚಿಂತೆಯ ವಿಷಯವಲ್ಲ. ಮೇ ತಿಂಗಳ ಮದುವೆ, ರಜೆ, ಪ್ರವಾಸಿಗಳ ಕಾಲ ನಿಜವಾಗಿ ಭಾರವಾಗುವಂಥದ್ದು.

ಇಲ್ಲಿ ಒಂದು ಸರಳ ಗುಣಾಕಾರವನ್ನು ನೀವೇ ಮಾಡಿ ನೋಡಬೇಕೆಂದು ಕೋರುತ್ತೇನೆ. 2011ರಲ್ಲಿ ಮಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 5 ಲಕ್ಷ. ಈಗ 7 ಲಕ್ಷ ಎಂದೇ ಇಟ್ಟುಕೊಳ್ಳಿ. 135ರಿಂದ ಗುಣಿಸಿದರೆ 94.5 ಎಂಎಲ್‌ಡಿ ಆಗುತ್ತದೆ. ಶೇಕಡಾ 15 ಸೋರಿಕೆಯನ್ನು ಅನಿವಾರ್ಯವೆಂದು ಒಪ್ಪಿಕೊಂಡರೂ 111 ಎಂಎಲ್‌ಡಿ ಎತ್ತಿದರೆ ಸಾಕು. ತುಂಬೆಯಿಂದ ಎತ್ತುವುದು 160. ನಡುವಿನ 49 ಎಂಎಲ್‌ಡಿಯಲ್ಲಿ ಆಸ್ಪತ್ರೆ, ಹೋಟೆಲ್, ಅಂಗಡಿ, ಸಣ್ಣ ಕೈಗಾರಿಕೆಗಳ ಪಾಲಿದೆ. ಉಳ್ಳಾಲ, ಮೂಲ್ಕಿಗಳಿಗೆ ಹೋಗುವ ನೀರಿದೆ. ಉಳಿದದ್ದು ನೆಲದೊಳಗೆ ಒಡೆದ ಪೈಪಿನಲ್ಲಿ, ಉಕ್ಕಿ ಹರಿಯುವ ಟ್ಯಾಂಕಿನಲ್ಲಿ, ಓಡದ ಮೀಟರಿನಲ್ಲಿ, ಲೆಕ್ಕಕ್ಕೆ ಸಿಗದ ಸಂಪರ್ಕದಲ್ಲಿ ಹೋಗುತ್ತದೆ. ಈ ಪಾಲುಗಳು ಯಾವುವು ಎಷ್ಟೆಷ್ಟು ಎಂದು ಅಳೆಯದೆ ಹೊಸ ಅಣೆಕಟ್ಟಿನ ಅಂದಾಜುಪಟ್ಟಿ ತಯಾರಿಸುವುದನ್ನು ನಾನು ಒಪ್ಪುವುದಿಲ್ಲ. ಎತ್ತುವ ನೀರಿನ ಶೇಕಡಾ 10ರಷ್ಟು ಸೋರಿಕೆಯನ್ನು ತಡೆದರೆ 16 ಎಂಎಲ್‌ಡಿ ಉಳಿಯುತ್ತದೆ, ನೂರು ದಿನಕ್ಕೆ 160 ಕೋಟಿ ಲೀಟರ್. ಮುಂಗಾರು ಹತ್ತು ದಿನ ತಡವಾದರೆ ಬೇಕಾಗುವ ಹೆಚ್ಚುವರಿ ನೀರು ಎಂದು ಮೇಲೆ ಹೇಳಿದೆನಲ್ಲ, ಅಷ್ಟೇ ನೀರು. ಅದಕ್ಕಾಗಿ ಯಾರ ಗದ್ದೆಯೂ ಮುಳುಗಬೇಕಾಗಿಲ್ಲ.

ಸೋರಿಕೆ ಹಿಡಿಯುವುದು ಸುಲಭವೆಂದು ಹೇಳುತ್ತಿಲ್ಲ. ಕದ್ರಿ, ಬೊಂದೇಲ್, ಶಕ್ತಿನಗರಗಳಂಥ ಎತ್ತರದ ಪದವುಗಳಿಗೂ ಬಂದರು, ಬೋಳಾರದಂಥ ತಗ್ಗಿನ ಪ್ರದೇಶಗಳಿಗೂ ಒಂದೇ ಜಾಲದಲ್ಲಿ ನೀರು ಕೊಡಬೇಕಾದ ಊರು ನಮ್ಮದು. ಎತ್ತರಕ್ಕೆ ತಲುಪಲೆಂದು ಒತ್ತಡ ಹೆಚ್ಚಿಸಿದರೆ ತಗ್ಗಿನ ಹಳೆಯ ಪೈಪಿನ ಪ್ರತಿಯೊಂದು ಸಂಧಿಯಲ್ಲೂ ನೀರು ಜಿನುಗುತ್ತದೆ. ಹೀಗಾಗಿ ನಗರವನ್ನು ಎತ್ತರದ ಪ್ರಕಾರ ಸಣ್ಣ ಸಣ್ಣ ವಲಯಗಳಾಗಿ ಬೇರ್ಪಡಿಸಿ, ಪ್ರತಿ ವಲಯದ ಬಾಯಿಯಲ್ಲಿ ಒಂದು ದೊಡ್ಡ ಮೀಟರ್ ಕೂರಿಸಿ, ಒಳಹೋದ ನೀರನ್ನೂ ಮನೆಗಳಿಗೆ ಬಿಲ್ಲಾದ ನೀರನ್ನೂ ತಿಂಗಳಿಗೊಮ್ಮೆ ಹೋಲಿಸಬೇಕು. ರಾತ್ರಿ ಎರಡರಿಂದ ನಾಲ್ಕರ ನಡುವೆ ಜನ ಮಲಗಿರುವಾಗಲೂ ಆ ಮೀಟರ್ ಓಡುತ್ತಿದ್ದರೆ, ಓಡಿದ್ದೆಲ್ಲ ಬಹುಮಟ್ಟಿಗೆ ಸೋರಿಕೆಯೇ. ಹುಬ್ಬಳ್ಳಿ–ಧಾರವಾಡದಲ್ಲಿ 2008ರಿಂದ ಕೆಲವು ಪ್ರಾಯೋಗಿಕ ವಲಯಗಳಲ್ಲಿ ದಿನವಿಡೀ ನೀರು ಕೊಡಲು ಸಾಧ್ಯವಾದದ್ದು ಹೀಗೆ ವಲಯ ಬೇರ್ಪಡಿಸಿ, ಹಳೆಯ ಪೈಪು ಬದಲಿಸಿ, ಪ್ರತಿ ಮನೆಗೂ ಮೀಟರ್ ಹಾಕಿದ್ದರಿಂದ. ಮಂಗಳೂರು, ಉಡುಪಿಗಳಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ‘ಜಲಸಿರಿ’ ಕುಡಿಯುವ ನೀರಿನ ಕಾಮಗಾರಿಯ ಹಿಂದಿರುವ ತರ್ಕವೂ ಇದೇ. ಆ ಕಾಮಗಾರಿಗಾಗಿ ರಸ್ತೆ ಅಗೆದದ್ದಕ್ಕೆ ನಾವೆಲ್ಲ ಬೇಸರಪಟ್ಟಿದ್ದೇವೆ. ಆದರೆ ಅಗೆದ ಮೇಲೆ ವಲಯದ ಮೀಟರಿನ ಓದು ಸಾರ್ವಜನಿಕರಿಗೆ ಸಿಗುತ್ತಿದೆಯೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಈಗ ಸಂಗ್ರಹದ ವಿಚಾರ. ತುಂಬೆಯ ಹಳೆಯ ಕಿಂಡಿ ಅಣೆಕಟ್ಟಿನಲ್ಲಿ 4 ಮೀಟರ್ ನೀರು ನಿಲ್ಲುತ್ತಿತ್ತು. ಹೊಸದನ್ನು 7 ಮೀಟರಿಗೆ ವಿನ್ಯಾಸಗೊಳಿಸಿ, ಹಂತಹಂತವಾಗಿ 6 ಮೀಟರ್‌ವರೆಗೆ ನಿಲ್ಲಿಸಲಾಯಿತು. ನದಿಯ ಪಾತ್ರ ಮೇಲೆ ಹೋದಂತೆ ಅಗಲವಾಗುವುದರಿಂದ ತಳದ ಒಂದು ಮೀಟರಿಗಿಂತ ಮೇಲಿನ ಒಂದು ಮೀಟರಿನಲ್ಲಿ ಬಹಳ ಹೆಚ್ಚು ನೀರು ನಿಲ್ಲುತ್ತದೆ. ಅದೇ ಕಾರಣಕ್ಕೆ ಮೇಲಿನ ಒಂದು ಮೀಟರಿಗೇ ದಡದ ತೋಟ, ಗದ್ದೆಗಳು ಹೆಚ್ಚು ಮುಳುಗುತ್ತವೆ. ಮುಳುಗಡೆಯ ಪರಿಹಾರವನ್ನು ಮೊದಲು ಕೊಟ್ಟು ಆಮೇಲೆ ಎತ್ತರ ಏರಿಸುವುದು ನ್ಯಾಯವೂ ಹೌದು, ಜಾಣತನವೂ ಹೌದು. ದಡದ ರೈತ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಕಳೆದುಹೋಗುವ ವರ್ಷಗಳು ನಗರಕ್ಕೇ ನಷ್ಟ. ಕೆಳಗಿನ ಮೀಟರುಗಳಲ್ಲಿ ಹೂಳು ಮತ್ತು ಮರಳು ತುಂಬಿಕೊಳ್ಳುತ್ತವೆ. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೂ ನೂರು ದಿನಗಳಲ್ಲಿ ಅರ್ಧ ಮೀಟರ್ ನೀರನ್ನು ಬಿಸಿಲೇ ಕುಡಿಯುತ್ತದೆ. ಆದ್ದರಿಂದ ‘ಅಣೆಕಟ್ಟಿನಲ್ಲಿ 6 ಮೀಟರ್ ಇದೆ’ ಎಂಬ ಸುದ್ದಿ ಓದಿದಾಗ, ಅದರಲ್ಲಿ ಜಾಕ್‌ವೆಲ್‌ಗೆ (ನದಿಯಿಂದ ನೀರೆತ್ತುವ ಬಾವಿಗೆ) ಎಟಕುವ ನೀರು ಎಷ್ಟು ದಿನದ್ದು ಎಂಬುದನ್ನು ಪಕ್ಕದಲ್ಲೇ ಮುದ್ರಿಸುವಂತೆ ಒತ್ತಾಯಿಸಬೇಕು.

ನೇತ್ರಾವತಿಯಲ್ಲಿ ತುಂಬೆ ಒಂದೇ ಇಲ್ಲ. ಮೇಲ್ಭಾಗದಲ್ಲಿ ಶಂಭೂರಿನಲ್ಲಿ ವಿದ್ಯುತ್ ಯೋಜನೆಯ ಅಣೆಕಟ್ಟು, ಸರಪಾಡಿಯಲ್ಲಿ ಕೈಗಾರಿಕೆಗಳಿಗೆ ನೀರೆತ್ತುವ ಕಟ್ಟ, ಬಂಟ್ವಾಳದ ಜಕ್ರಿಬೆಟ್ಟಿನಲ್ಲಿ ಪಶ್ಚಿಮವಾಹಿನಿ ಯೋಜನೆಯ ಅಣೆಕಟ್ಟು ಇವೆ. ಕೆಳಭಾಗದಲ್ಲಿ ಹರೇಕಳ–ಅಡ್ಯಾರ್ ಅಣೆಕಟ್ಟು ಭರತದ (ಸಮುದ್ರದ ಉಬ್ಬರದ) ಜೊತೆ ಮೇಲೇರುವ ಉಪ್ಪುನೀರನ್ನು ತಡೆಯುತ್ತದೆ. ಒಂದೇ ನದಿಯ ಮೇಲೆ ಇಷ್ಟು ಕಟ್ಟಗಳಿದ್ದರೂ ಪ್ರತಿಯೊಂದಕ್ಕೂ ಬೇರೆ ಬೇರೆ ಒಡೆಯರು. ಬೇಸಗೆಯಲ್ಲಿ ಮೇಲಿನ ಕಟ್ಟದಿಂದ ನೀರು ಬಿಡಿಸಲು ಜಿಲ್ಲಾಧಿಕಾರಿಯವರು ಆದೇಶ ಹೊರಡಿಸಬೇಕಾಗುತ್ತದೆ, ದಡದ ಅಡಿಕೆ ತೋಟಗಳ ಪಂಪುಗಳ ವಿದ್ಯುತ್ ಕಡಿತದ ಮಾತು ಬರುತ್ತದೆ, ರೈತರು ಮತ್ತು ನಗರದವರು ಎದುರುಬದುರು ನಿಲ್ಲುತ್ತಾರೆ. ಯಾವ ಕಟ್ಟದಲ್ಲಿ ಎಷ್ಟು ಮಟ್ಟಕ್ಕೆ ಇಳಿದಾಗ ಯಾರು ಎಷ್ಟು ಬಿಡಬೇಕು, ಯಾರ ಪಾಲು ಮೊದಲು ಕಡಿತವಾಗಬೇಕು ಎಂಬುದನ್ನು ಡಿಸೆಂಬರಿನಲ್ಲೇ ಬರೆದು, ಎಲ್ಲರೂ ಸಹಿ ಹಾಕಿದ ಒಂದು ವೇಳಾಪಟ್ಟಿ ಇರಬೇಕು. ಮೇ ತಿಂಗಳಲ್ಲಿ ಈ ಮಾತುಕತೆ ಶುರುಮಾಡಿದರೆ ಅದು ಜಗಳವಾಗಿಯೇ ಮುಗಿಯುತ್ತದೆ.

ಸಣ್ಣ ಕಿಂಡಿ ಅಣೆಕಟ್ಟುಗಳ ಬಗ್ಗೆ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು, ಏಕೆಂದರೆ ಇವುಗಳ ಯಶಸ್ಸು ಕಾಂಕ್ರೀಟಿಗಿಂತ ಹೆಚ್ಚಾಗಿ ಹಲಗೆ ಹಾಕುವ ದಿನಾಂಕದಲ್ಲಿದೆ. ಮಳೆಗಾಲದಲ್ಲಿ ಕಿಂಡಿಗಳು ತೆರೆದಿದ್ದು ನೆರೆಯೂ ಕಸಕಡ್ಡಿಯೂ ಹರಿದುಹೋಗುತ್ತವೆ. ಹರಿವು ಇಳಿದ ಮೇಲೆ ಪ್ರತಿ ಕಿಂಡಿಯಲ್ಲಿ ಎರಡು ಸಾಲು ಮರದ ಹಲಗೆ ಇಳಿಸಿ, ನಡುವಿನ ಜಾಗಕ್ಕೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡುತ್ತಾರೆ. ಮಣ್ಣು ಸರಿಯಾಗಿ ಕೂರದಿದ್ದರೆ ಹಲಗೆಯ ಸಂದಿಯಲ್ಲಿ ಹಗಲುರಾತ್ರಿ ನೀರು ಚಿಮ್ಮುತ್ತಲೇ ಇರುತ್ತದೆ. ನವೆಂಬರ್ ಕೊನೆಯಲ್ಲಿ ಹಲಗೆ ಬಿದ್ದ ಕಟ್ಟದ ಹಿಂದೆ ನೀರು ನಿಂತು, ಎರಡೂ ದಡಗಳ ಬಾವಿಗಳು ಏಪ್ರಿಲ್‌ವರೆಗೆ ಅದರ ಋಣದಲ್ಲಿರುತ್ತವೆ. ಜನವರಿಯಲ್ಲಿ ಹಾಕಿದರೆ ನಿಲ್ಲಿಸಲು ನೀರೇ ಉಳಿದಿರುವುದಿಲ್ಲ. ಕೆಟ್ಟ ಹಲಗೆ ಬದಲಿಸಲು ಸಣ್ಣ ಮೊತ್ತ ಸಿಗದೆ, ಕಿಂಡಿ ತೆರೆದೇ ಉಳಿದ ಅಣೆಕಟ್ಟುಗಳು ಎರಡೂ ಜಿಲ್ಲೆಗಳಲ್ಲಿವೆ. ಹೊಸದನ್ನು ಕಟ್ಟುವ ಮೊದಲು ಇವುಗಳಿಗೆ ಹಲಗೆ ಮತ್ತು ಹಲಗೆ ಹಾಕುವವರ ಕೂಲಿಯನ್ನು ಪ್ರತಿ ವರ್ಷದ ಬಜೆಟ್ಟಿನಲ್ಲಿ ಖಾಯಂ ಮಾಡುವುದು ನಾನು ಬಲ್ಲ ಅತ್ಯಂತ ಅಗ್ಗದ ಸಂಗ್ರಹ.

ಉಡುಪಿಯ ಸ್ಥಿತಿ ಸ್ವಲ್ಪ ಬೇರೆ. ಸ್ವರ್ಣಾ ನದಿಯ ಬಜೆ ಮತ್ತು ಅದರ ಮೇಲಿನ ಶಿರೂರು ಕಟ್ಟಗಳು ಉಡುಪಿ, ಮಣಿಪಾಲಗಳಿಗೆ ಆಧಾರ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿದಾಗ ನದಿಪಾತ್ರದ ಹೊಂಡಗಳಲ್ಲಿ ಉಳಿದ ನೀರನ್ನು ಪಂಪ್ ಮಾಡಿ ಬಜೆಗೆ ಹರಿಸಬೇಕಾಯಿತು. ಆ ಅನುಭವದ ಹಿನ್ನೆಲೆಯಲ್ಲಿ ವಾರಾಹಿ ನದಿಯಿಂದ ನೀರು ತರುವ ನಿರ್ಧಾರ ಸರಿಯಾದದ್ದೆಂದು ನನ್ನ ಅಭಿಪ್ರಾಯ, ಮತ್ತು ಅದರ ಕಾರಣ ತಿಳಿದಿರಬೇಕು. ಘಟ್ಟದ ಮೇಲೆ ಮಾಣಿ ಅಣೆಕಟ್ಟಿನಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ವಿದ್ಯುತ್ ಉತ್ಪಾದಿಸಿ ಹೊರಬಿಟ್ಟ ನೀರು ವಾರಾಹಿಗೆ ಸೇರುತ್ತದೆ. ಹೀಗಾಗಿ ಸ್ವರ್ಣಾ ಸೊರಗುವ ಬೇಸಗೆಯಲ್ಲೂ ವಾರಾಹಿಯಲ್ಲಿ ಹರಿವಿರುತ್ತದೆ. ಆದರೆ ಆ ಹರಿವಿನ ಕೀಲಿಕೈ ವಿದ್ಯುತ್ ಉತ್ಪಾದನೆಯ ಕೈಯಲ್ಲಿದೆ. ಮುಂದಿನ ದಿನಗಳಲ್ಲಿ ಸೌರವಿದ್ಯುತ್ ಹೆಚ್ಚಾಗಿ, ಜಲವಿದ್ಯುತ್ತನ್ನು ಸಂಜೆಯ ಕೆಲವೇ ಗಂಟೆಗಳಿಗೆ ಮೀಸಲಿಟ್ಟರೆ, ಅಥವಾ ಮಳೆ ಕಡಿಮೆಯಾದ ವರ್ಷ ಮಾಣಿಯಲ್ಲಿ ನೀರು ಉಳಿಸಿಕೊಂಡರೆ, ಕೆಳಗಿನ ನಗರದ ಕುಡಿಯುವ ನೀರು ಏನಾಗಬೇಕು? ದಿನದ ಕನಿಷ್ಠ ಹೊರಹರಿವಿನ ಬಗ್ಗೆ ಲಿಖಿತ ಒಪ್ಪಂದವಿಲ್ಲದಿದ್ದರೆ ಎಷ್ಟು ದೊಡ್ಡ ಪೈಪ್ ಹಾಕಿದರೂ ಭರವಸೆ ಪೂರ್ಣವಾಗದು. ವಾರಾಹಿಯ ಬಲದಿಂದ ಬಜೆಯನ್ನು ಕಡೆಗಣಿಸುವುದೂ ತಪ್ಪು. ಎರಡು ಮೂಲಗಳಿರುವ ನಗರವೇ ಒಂದು ಕೈಕೊಟ್ಟಾಗ ಉಳಿಯುವುದು.

ನೆಲದೊಳಗಿನ ನೀರಿನ ಬಗ್ಗೆ ನಮ್ಮ ಹಿರಿಯರಿಗಿದ್ದ ತಿಳಿವಳಿಕೆ ಯೋಜನಾ ವರದಿಗಳಲ್ಲಿ ಕಾಣುವುದಿಲ್ಲವೆಂಬುದು ನನಗೆ ನೋವಿನ ವಿಷಯ. ನಮ್ಮ ಪದವುಗಳ ಮೇಲ್ಪದರ ಮುರಕಲ್ಲು (ಜಂಬಿಟ್ಟಿಗೆ). ತೂತುತೂತಾಗಿರುವ ಅದು ಮಳೆಯನ್ನು ಬೇಗ ಹೀರುತ್ತದೆ. ಕೆಳಗಿನ ಶೇಡಿಮಣ್ಣು ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಆದ್ದರಿಂದ ಹೀರಿದ ನೀರು ಈ ಎರಡರ ನಡುವೆ ಪಕ್ಕಕ್ಕೆ ಜಾರಿ, ಗುಡ್ಡದ ಬುಡದ ಒರತೆಯಾಗಿ, ತೋಡಾಗಿ, ಕೆಲವೇ ತಿಂಗಳಲ್ಲಿ ಹೊರಬೀಳುತ್ತದೆ. ಅಕ್ಟೋಬರಿನಲ್ಲಿ ಕೈಗೆ ಎಟಕುವ ನೀರು ಮೇ ತಿಂಗಳಲ್ಲಿ ಬಾವಿಯ ತಳಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಜಾರುವ ನೀರನ್ನು ತಡೆಹಿಡಿಯಲು ಪದವಿನ ತಲೆಯಲ್ಲಿ ಮಳೆನೀರು ನಿಲ್ಲಿಸುವ ಮದಕ, ತೋಡಿಗೆ ಅಡ್ಡವಾಗಿ ಕಟ್ಟ, ಒರತೆ ಹುಡುಕಿ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗ ಇದ್ದವು. ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಬೈಲು, ಮಜಲು (ತಗ್ಗಿನ ಮತ್ತು ನಡುಮಟ್ಟದ) ಗದ್ದೆಗಳಲ್ಲಿ ಮಳೆಗಾಲವಿಡೀ ನಿಲ್ಲುತ್ತಿದ್ದ ನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತಿತ್ತು. ಗದ್ದೆ ಹಡಿಲು (ಪಾಳು) ಬಿದ್ದಾಗ, ಮಣ್ಣು ತುಂಬಿಸಿ ನಿವೇಶನವಾದಾಗ, ಆ ಇಂಗುವಿಕೆ ನಿಲ್ಲುತ್ತದೆ. ಹೊಸ ಮನೆಗಳ ಬೇಡಿಕೆ ಅದೇ ಜಾಗದಲ್ಲಿ ಹುಟ್ಟುತ್ತದೆ. ಒಂದೇ ನಿವೇಶನ ಪೂರೈಕೆಯನ್ನು ಇಳಿಸಿ ಬೇಡಿಕೆಯನ್ನು ಏರಿಸುವ ಈ ಪ್ರಕ್ರಿಯೆಗೆ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಯಾವ ಬಣ್ಣವೂ ಇಲ್ಲ.

ನಿಮ್ಮ ಟ್ಯಾಂಕರ್ ನೀರು ಬರುವುದೂ ಈ ನೆಲದಿಂದಲೇ. ನಗರದ ಹೊರಗಿನ ಯಾವುದೋ ಬಾವಿ ಅಥವಾ ಕೊಳವೆಬಾವಿಯಿಂದ ತುಂಬಿಸಿ ತಂದ ಅದು ಹೊಸ ನೀರಲ್ಲ, ಆ ಊರಿನ ನೆರೆಹೊರೆಯವರ ಬೇಸಗೆಯ ಪಾಲು. ಟ್ಯಾಂಕರ್‌ಗಳ ಲೆಕ್ಕವಿಲ್ಲದ ಯೋಜನೆಯಲ್ಲಿ ನಗರದ ಕೊರತೆಯೂ ಕಾಣುವುದಿಲ್ಲ, ಹಳ್ಳಿಯ ಕುಸಿತವೂ ಕಾಣುವುದಿಲ್ಲ. ಸಮುದ್ರದಂಚಿನ ಉಳ್ಳಾಲ, ಬೆಂಗ್ರೆ, ಮಲ್ಪೆಗಳಲ್ಲಿ ಅತಿಯಾಗಿ ಎತ್ತಿದರೆ ಸಿಹಿನೀರಿನ ಜಾಗಕ್ಕೆ ಉಪ್ಪುನೀರು ಸರಿದು ಬಂದು ಬಾವಿಯನ್ನು ವರ್ಷಗಟ್ಟಲೆ ಕೆಡಿಸುತ್ತದೆ.

ಮಳೆಕೊಯ್ಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಲೆಕ್ಕ ಮಾತ್ರ ಕಡಿಮೆ ಜನ ಹಾಕುತ್ತಾರೆ. 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 3.5 ಲಕ್ಷ ಲೀಟರ್ ಬೀಳುತ್ತದೆ, ಶೇಕಡಾ 80 ಹಿಡಿದರೂ 2.8 ಲಕ್ಷ ಲೀಟರ್. ಐದು ಜನರ ಕುಟುಂಬಕ್ಕೆ ನೂರು ದಿನಕ್ಕೆ 67,500 ಲೀಟರ್ ಸಾಕು. ಬೀಳುವ ನೀರು ಬೇಕಾದಷ್ಟಿದೆ. ಆದರೆ 67,500 ಲೀಟರ್ ಹಿಡಿಯುವ ತೊಟ್ಟಿ ಒಂದು ಮಲಗುವ ಕೋಣೆಗಿಂತ ದೊಡ್ಡದಾಗುತ್ತದೆ, ಅದನ್ನು ಪ್ರತಿ ಕುಟುಂಬಕ್ಕೂ ಕಟ್ಟುವುದು ಅಪಾರ್ಟ್‌ಮೆಂಟಿನಲ್ಲಿ ಅಸಾಧ್ಯ. ಆದ್ದರಿಂದ ಜೂನ್‌ನಿಂದ ನವೆಂಬರ್‌ವರೆಗೆ ತಾರಸಿಯ ನೀರನ್ನೇ ಸೋಸಿ ಬಳಸಿ, ಮಿಕ್ಕದ್ದನ್ನು ತೆರೆದ ಬಾವಿಗೆ ಇಳಿಸುವುದು ಸರಿಯಾದ ದಾರಿ. ಇಳಿಸಿದ ನೀರು ಮೇ ತಿಂಗಳವರೆಗೆ ನಿಮ್ಮ ಬಾವಿಯಲ್ಲೇ ನಿಂತಿರುತ್ತದೆಂಬ ಭರವಸೆ ಮುರಕಲ್ಲಿನ ನೆಲದಲ್ಲಿ ಇಲ್ಲ. ಇಡೀ ಬಡಾವಣೆ ಹೀಗೆ ಮಾಡಿದರೆ ಕೆಳಗಿನ ಬಾವಿಗಳು ಕೆಲವು ವಾರಗಳ ಕಾಲ ಹೆಚ್ಚು ಬಾಳುತ್ತವೆ, ಆ ಕೆಲವು ವಾರಗಳೇ ನಮಗೆ ಬೇಕಾಗಿರುವುದು.

ಕೈಗಾರಿಕೆಗಳ ವಿಷಯದಲ್ಲಿ ನಮ್ಮ ಪ್ರದೇಶ ಸರಿಯಾದ ದಾರಿಯಲ್ಲಿ ಒಂದಷ್ಟು ಮುಂದೆ ಬಂದಿದೆ. ಕಾವೂರಿನ ಘಟಕದಲ್ಲಿ ಸಂಸ್ಕರಿಸಿದ ಒಳಚರಂಡಿ ನೀರು ವಿಶೇಷ ಆರ್ಥಿಕ ವಲಯಕ್ಕೆ ಹೋಗುತ್ತದೆ. ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ತಣ್ಣೀರುಬಾವಿಯಲ್ಲಿ 30 ಎಂಎಲ್‌ಡಿ ಸಾಮರ್ಥ್ಯದ, 70ಕ್ಕೆ ವಿಸ್ತರಿಸಬಹುದಾದ ಸಮುದ್ರನೀರು ಶುದ್ಧೀಕರಣ ಘಟಕ ಕಟ್ಟಿದೆ. ಮನೆಗಳಿಗೆ ಕೊಟ್ಟ ನೀರಿನ ಸುಮಾರು ಶೇಕಡಾ 80 ಒಳಚರಂಡಿಗೆ ಬರುತ್ತದೆ, ಅದೂ ಮಳೆ ತಡವಾದರೂ ತಪ್ಪದೆ ಬರುತ್ತದೆ. ನೂರು ದಿನಗಳಲ್ಲಿ ಇಷ್ಟು ನಿಶ್ಚಿತವಾದ ಮೂಲ ಬೇರೊಂದಿಲ್ಲ. ನಿರ್ಮಾಣ ಕಾಮಗಾರಿ, ಉದ್ಯಾನ, ಕೈಗಾರಿಕೆಗಳ ತಂಪುಗೋಪುರಗಳಿಗೆ ಅದನ್ನೇ ಕಡ್ಡಾಯಗೊಳಿಸಬೇಕು. ಸಮುದ್ರದ ನೀರನ್ನು ಸಿಹಿ ಮಾಡಲು ಒಂದು ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ವಿದ್ಯುತ್ ಬೇಕು, ಉಳಿಯುವ ಗಾಢ ಉಪ್ಪುನೀರನ್ನು ಮೀನುಗಾರಿಕೆಗೆ ತೊಂದರೆಯಾಗದಂತೆ ಬಿಡಬೇಕು. ಕೈಗಾರಿಕೆ ಆ ವೆಚ್ಚ ಹೊತ್ತು ನದಿಯ ನೀರನ್ನು ಊರಿಗೆ ಬಿಟ್ಟುಕೊಡುವುದಾದರೆ ಸ್ವಾಗತಾರ್ಹ. ಮನೆಬಳಕೆಗೆ ಅದು ಕೊನೆಯ ಆಯ್ಕೆಯಾಗಿರಲಿ.

ಎತ್ತಿನಹೊಳೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಬಿಟ್ಟು ಮುಂದೆ ಹೋಗಲಾಗದು. ನೇತ್ರಾವತಿಯ ಮೇಲ್ಭಾಗದ ಹೊಳೆಗಳಿಂದ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಈ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಮಳೆಗಾಲದ ನೆರೆನೀರನ್ನು ಮಾತ್ರ ಎತ್ತುವುದೆಂದು ಯೋಜನೆ ಹೇಳುತ್ತದೆ. ಹಾಗೆಯೇ ನಡೆದರೆ ಮೇ ತಿಂಗಳ ಹರಿವಿಗೆ ನೇರ ಪೆಟ್ಟು ಬೀಳಬಾರದು. ಆದರೆ ಮಳೆ ನಿಂತ ಮೇಲೆ ನದಿಯನ್ನು ನಡೆಸುವುದು ಘಟ್ಟದ ಶೋಲಾ ಕಾಡು, ಹುಲ್ಲುಗಾವಲುಗಳು ಹಿಡಿದಿಟ್ಟು ನಿಧಾನವಾಗಿ ಬಿಡುವ ನೀರು. ಕಾಮಗಾರಿಯಿಂದ ಆ ನೆಲಕ್ಕಾದ ಗಾಯ ಎಷ್ಟು ಎಂಬುದನ್ನು ತಿಳಿಯಲು ನವೆಂಬರಿನಿಂದ ಮೇ ವರೆಗಿನ ಹರಿವನ್ನು ವರ್ಷ ವರ್ಷವೂ ಅಳೆದು ಹೋಲಿಸಬೇಕು. ಪಂಪ್ ಮಾಡಿದ ನೀರಿನ ದಿನವಾರು ಅಂಕಿ ಮತ್ತು ಪಂಪ್ ನಿಲ್ಲಿಸುವ ದಿನಾಂಕ, ಇವೆರಡನ್ನೂ ಪ್ರಕಟಿಸುವಂತೆ ಕರಾವಳಿಯ ಜನ ಕೇಳುವುದು ಸರಿಯಾದ ಹಕ್ಕು.

ಮೂವತ್ತು ವರ್ಷದ ಯೋಜನೆ ಎಂದರೆ ಮೂವತ್ತು ವರ್ಷದ್ದನ್ನೆಲ್ಲ ಇಂದೇ ಕಟ್ಟುವುದಲ್ಲ. ಅಣೆಕಟ್ಟಿಗೆ 50 ವರ್ಷ, ಪೈಪುಗಳಿಗೆ 30, ಪಂಪು ಮತ್ತು ಶುದ್ಧೀಕರಣ ಘಟಕಗಳಿಗೆ 15 ವರ್ಷ ಎಂದು ಕೈಪಿಡಿ ಬೇರೆ ಬೇರೆ ಅವಧಿ ಇಟ್ಟಿರುವುದು ಇದಕ್ಕೇ. ಬೇಡಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಬದಲು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ರೇಖೆ ಎಳೆದು, ನಿಜವಾದ ಬಳಕೆ ಯಾವ ರೇಖೆಯ ಹತ್ತಿರ ಸಾಗುತ್ತಿದೆ ಎಂಬುದನ್ನು ಐದು ವರ್ಷಕ್ಕೊಮ್ಮೆ ನೋಡಿ ಮುಂದಿನ ಕಾಮಗಾರಿ ತೀರ್ಮಾನಿಸಬೇಕು. ನನ್ನ ಪ್ರಕಾರ ಸೋರಿಕೆ, ಹಲಗೆ, ಮರುಬಳಕೆ ಈಗಲೇ. ತುಂಬೆಯಲ್ಲಿ ಇನ್ನೊಂದು ಮೀಟರ್ ಎತ್ತರಕ್ಕೆ ನೀರು ನಿಲ್ಲಿಸುವುದು ಮುಳುಗಡೆಯ ಪರಿಹಾರ ಕೊಟ್ಟ ನಂತರ. ಹೊಸ ಅಣೆಕಟ್ಟಿನ ಮಾತು ಇವುಗಳ ಫಲ ಅಳೆದ ನಂತರ.

ನಿಮ್ಮ ಸಂಘ ಮಾಡಬಹುದಾದದ್ದು ಇದೆ. ನಿಮ್ಮ ವಲಯಕ್ಕೆ ಬಂದ ನೀರಿನ ಮತ್ತು ಬಿಲ್ಲಾದ ನೀರಿನ ಮಾಸಿಕ ಅಂಕಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ರಸ್ತೆಯ ಹೊಸ ಕಟ್ಟಡಗಳಿಗೆ ಪರವಾನಿಗೆ ಕೊಡುವಾಗ ಮಾರ್ಚ್‌ನಿಂದ ಜೂನ್‌ವರೆಗಿನ ನೀರು ಎಲ್ಲಿಂದ ಎಂದು ಬರೆದುಕೊಳ್ಳಲಾಗಿದೆಯೇ ಎಂದು ವಿಚಾರಿಸಿ. ಸಮುಚ್ಚಯದಲ್ಲಿ ಪ್ರತಿ ಮನೆಗೂ ಬೇರೆ ಮೀಟರ್ ಹಾಕಿಸಿ. ಖರ್ಚನ್ನು ಸಮನಾಗಿ ಹಂಚುವ ಕಡೆ ಯಾರೂ ನಳ ರಿಪೇರಿ ಮಾಡಿಸುವ ಅವಸರ ತೋರುವುದಿಲ್ಲ. ಟ್ಯಾಂಕರ್ ಬಂದ ದಿನಾಂಕ, ಲೀಟರ್, ತುಂಬಿಸಿದ ಊರು ಇವನ್ನು ಕಾವಲುಗಾರರ ಪುಸ್ತಕದಲ್ಲಿ ದಾಖಲಿಸಿ. ಆವರಣದಲ್ಲಿ ಬಾವಿಯಿದ್ದರೆ ತಿಂಗಳ ಮೊದಲ ದಿನ ಬೆಳಿಗ್ಗೆ, ಪಂಪ್ ಚಾಲೂ ಮಾಡುವ ಮೊದಲು, ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಕಟ್ಟೆಯಿಂದ ನೀರಿನವರೆಗೆ ಎಷ್ಟು ಅಡಿ ಎಂದು ಬರೆದಿಡಿ. ಪಂಪ್ ಓಡಿದ ಮೇಲೆ ಅಳೆದರೆ ಅದು ಬಾವಿಯ ನಿಜವಾದ ಮಟ್ಟವಾಗಿರುವುದಿಲ್ಲ. ಪಕ್ಕದ ಹತ್ತು ಕಟ್ಟಡಗಳವರೂ ಹೀಗೆ ಬರೆದರೆ ನಿಮ್ಮ ಬಡಾವಣೆಯ ನೆಲದೊಳಗಿನ ನೀರು ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೆ ಎಷ್ಟು ಇಳಿಯುತ್ತದೆ ಎಂಬುದು ಎರಡು ಮೂರು ಬೇಸಗೆಗಳಲ್ಲಿ ಗೊತ್ತಾಗುತ್ತದೆ, ಮತ್ತು ಆ ಪುಸ್ತಕವನ್ನು ಪಾಲಿಕೆಯ ಎಂಜಿನಿಯರರ ಮೇಜಿನ ಮೇಲಿಟ್ಟು ಮಾತನಾಡಬಹುದು.